ಗನ್ ಅಂಗಡಿಯ ತಪಾಸಣೆ ಯಾರನ್ನು ತಡೆಯುತ್ತೆ?

ಅಮೆರಿಕದಲ್ಲಿ ಲೈಸೆನ್ಸ್ ಇರೋ ಅಂಗಡಿಯಲ್ಲಿ ಗನ್ ಕೊಳ್ಳೋಕೆ ಹೋದರೆ ಮೊದಲು ಫಾರ್ಮ್ ತುಂಬಬೇಕು. ಆಮೇಲೆ ನಿಮ್ಮ ಹಿನ್ನೆಲೆಯ ತಪಾಸಣೆ. 1993ರ ಬ್ರೇಡಿ ಕಾಯ್ದೆಯಂತೆ ಎಫ್‌ಬಿಐ 1998ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದ್ದವರಿಗೆ ಗನ್ ಸಿಗೋಲ್ಲ.

ಹಾಗಾದರೆ ಅಕ್ರಮ ಮಾರಾಟ ನಿಂತಿತಾ? ಇಲ್ಲ. ತಪಾಸಣೆ ನೋಡೋದು ಕೌಂಟರ್ ಮುಂದೆ ನಿಂತವರನ್ನಷ್ಟೇ. ಕೇಸಿಲ್ಲದ ಗೆಳತಿಯನ್ನೋ ತಮ್ಮನನ್ನೋ ಕಳಿಸಿದರೆ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? 2022ರ ಕಾನೂನಿನಲ್ಲಿ ಇದಕ್ಕೆ 15 ವರ್ಷದವರೆಗೂ ಜೈಲಿದೆ. ಅದು ಸಿಕ್ಕಿಬಿದ್ದ ಮೇಲಿನ ಮಾತು. ಇನ್ನು, ವ್ಯಾಪಾರಿಯಲ್ಲದವನು ತನ್ನ ರಾಜ್ಯದವನಿಗೇ ಗನ್ ಮಾರಿದರೆ ಫೆಡರಲ್ ಕಾನೂನು ತಪಾಸಣೆ ಕೇಳೋದೇ ಇಲ್ಲ. ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ.

ನನಗೆ ಇದಕ್ಕಿಂತ ಕಾಡೋದು ದಾಖಲೆಯ ತೂತು. 2017ರಲ್ಲಿ ಟೆಕ್ಸಾಸ್‌ನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಸಾವಿಗೆ ಕಾರಣನಾದವನಿಗೆ, ಹೆಂಡತಿ ಮತ್ತು ಮಗುವಿನ ಮೇಲಿನ ಹಲ್ಲೆಗಾಗಿ ಸೇನಾ ನ್ಯಾಯಾಲಯ ಮೊದಲೇ ಶಿಕ್ಷೆ ಕೊಟ್ಟಿತ್ತು. ವಾಯುಪಡೆ ಅದನ್ನು ಎಫ್‌ಬಿಐಗೆ ತಿಳಿಸಲೇ ಇಲ್ಲ. ಅಂಗಡಿಯವರು ತಪಾಸಣೆ ಮಾಡಿಸಿಯೇ ಗನ್ ಕೊಟ್ಟರು.

2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನ ತಪಾಸಣೆಯಂತೂ ಮುಗಿದೇ ಇರಲಿಲ್ಲ. ಮೂರು ಕೆಲಸದ ದಿನದೊಳಗೆ ಉತ್ತರ ಬಾರದಿದ್ದರೆ ಅಂಗಡಿಯವರು ಮಾರಬಹುದು ಅನ್ನುತ್ತೆ ಕಾನೂನು. ಉತ್ತರ ಬರಲಿಲ್ಲ. ಮಾರಿದರು.