ಸಿಬಿಜಿ ಘಟಕಕ್ಕೆ ಕೋಟಿ ಸಬ್ಸಿಡಿ: ಕಟ್ಟಿದ್ರೆ ಸಾಲದು, ಗ್ಯಾಸ್ ಬರಬೇಕು!

ಗೋಬರ್ ಗ್ಯಾಸ್ ಅಂದ್ರೆ ನಮ್ಮ ಕಡೆ ನೆನಪಾಗೋದು ಹಿತ್ತಿಲ ಗುಂಡಿ, ಅಡುಗೆಮನೆ ಒಲೆ. ಅದೇ ಗ್ಯಾಸನ್ನು ಶುದ್ಧ ಮಾಡಿ, ಒತ್ತಡದಲ್ಲಿ ಸಿಲಿಂಡರ್‌ಗೆ ತುಂಬಿ, ಸಿಎನ್‌ಜಿ ಗಾಡಿಗಳಿಗೆ ಮಾರಿದರೆ ಅದು ಸಿಬಿಜಿ, ಅಂದರೆ ಸಂಕುಚಿತ ಜೈವಿಕ ಅನಿಲ. ಇಂಥ ಘಟಕಗಳಿಗೆ ಕೇಂದ್ರದ ಸಬ್ಸಿಡಿ ಇದೆ ಅನ್ನೋದು ನಿಜ. ಆದರೆ ಷರತ್ತು ಓದದೆ ಸಾಲ ಮಾಡಿದವರ ಪಾಡು ಕಷ್ಟ. ಜಮೀನು ಗುತ್ತಿಗೆಗೆ ಕೊಡುವ ರೈತರು, ಪಾಲು ಹಾಕುವ ವ್ಯಾಪಾರಿಗಳು, ಪಕ್ಕದಲ್ಲಿ ವಾಸ ಮಾಡುವವರು ಎಲ್ಲರೂ ಇದನ್ನು ತಿಳಿದಿರಬೇಕು.

ಎಷ್ಟು ಸಿಗುತ್ತೆ?

ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯದ ರಾಷ್ಟ್ರೀಯ ಜೈವಿಕ ಇಂಧನ ಕಾರ್ಯಕ್ರಮದಲ್ಲಿ ಈ ನೆರವು ಬರುತ್ತೆ. 2021ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಅವಧಿಗೆ ರೂಪಿಸಿದ ಕಾರ್ಯಕ್ರಮ ಇದು. ಅದರ ಪ್ರಕಾರ ದಿನಕ್ಕೆ 4,800 ಕೆ.ಜಿ. ಸಿಬಿಜಿ ತಯಾರಿಸುವ ಹೊಸ ಘಟಕಕ್ಕೆ 4 ಕೋಟಿ ರೂಪಾಯಿ. ಘಟಕ ಚಿಕ್ಕದಾದ್ರೆ ಅದೇ ಲೆಕ್ಕದಲ್ಲಿ ಕಡಿಮೆ, ದೊಡ್ಡದಾದ್ರೆ ಹೆಚ್ಚು. ಆದರೆ ಒಂದು ಯೋಜನೆಗೆ ಗರಿಷ್ಠ 10 ಕೋಟಿ. ಮನೆ ಬಳಕೆಯ ಸಣ್ಣ ಘಟಕಗಳಿಗೆ ಬೇರೆ ಸಬ್ಸಿಡಿ ಇದೆ, ಗಾತ್ರ ನೋಡಿಕೊಂಡು 9,800ರಿಂದ 70,400 ರೂಪಾಯಿವರೆಗೆ. ಇಲ್ಲಿ ಹೇಳ್ತಿರೋದು ಗ್ಯಾಸ್ ಮಾರುವ ದೊಡ್ಡ ಘಟಕಗಳ ವಿಷಯ.

ದುಡ್ಡು ಯಾವಾಗ ಕೈಗೆ?

ತಾತ್ವಿಕ ಒಪ್ಪಿಗೆ ಪತ್ರ ಬಂತು ಅಂದ ಮಾತ್ರಕ್ಕೆ ಹಣ ಬಂತು ಅಂತಲ್ಲ. 2025ರ ಜೂನ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪ್ರಕಾರ ಎರಡು ಹಂತ ಇದೆ.

ಮೊದಲ ಹಂತದಲ್ಲಿ ಅರ್ಧ ಹಣ. ಅದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಘಟಕ ನಡೆಸುವ ಸಮ್ಮತಿ ಪತ್ರ ಆಗಿರಬೇಕು, ಜೊತೆಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಉಳಿದರ್ಧ ಬರೋದು ಘಟಕ ತನ್ನ ಸಾಮರ್ಥ್ಯದ ಶೇ 80ರಷ್ಟು ಗ್ಯಾಸ್ ಕೊಡುತ್ತೆ ಅಂತ ತಪಾಸಣೆಯಲ್ಲಿ ಸಾಬೀತಾದ ಮೇಲೆ. ದೊಡ್ಡ ಘಟಕವಾದ್ರೆ ಸಬ್ಸಿಡಿಗೆ ಅರ್ಹವಾದ ಗರಿಷ್ಠ ಸಾಮರ್ಥ್ಯ ಮುಟ್ಟಿದರೂ ಆಗುತ್ತೆ. ಈ ಎರಡರಲ್ಲಿ ಯಾವುದು ಕಡಿಮೆಯೋ ಅದು ಲೆಕ್ಕ.

4,800 ಕೆ.ಜಿ. ಘಟಕದ ಲೆಕ್ಕ ನೋಡಿ. ದಿನಕ್ಕೆ 3,840 ಕೆ.ಜಿ. ಬಂದ್ರೆ ಪೂರ್ತಿ ಸಬ್ಸಿಡಿ. ಅದಕ್ಕಿಂತ ಕಡಿಮೆ ಬಂದ್ರೆ ಉತ್ಪಾದನೆಗೆ ತಕ್ಕಷ್ಟು ಮಾತ್ರ. ಅರ್ಧ, ಅಂದ್ರೆ 2,400 ಕೆ.ಜಿ.ಗಿಂತ ಕೆಳಗಿಳಿದ್ರೆ ಒಂದು ಪೈಸೆಯೂ ಇಲ್ಲ!

ತಪಾಸಣೆಗೆ ಕೇಂದ್ರದ ರಾಷ್ಟ್ರೀಯ ಜೈವಿಕ ಇಂಧನ ಸಂಸ್ಥೆಯ ನೇತೃತ್ವದ ಜಂಟಿ ತಂಡ ಬರುತ್ತೆ. ಜೊತೆಗೆ ರಾಜ್ಯದ ನೋಡಲ್ ಸಂಸ್ಥೆ (ನಮ್ಮಲ್ಲಿ ಕ್ರೆಡೆಲ್), ಬಯೋಗ್ಯಾಸ್ ತಂತ್ರಜ್ಞಾನ ಕೇಂದ್ರ ಅಥವಾ ಸಚಿವಾಲಯ ಗುರುತಿಸಿದ ಬೇರೆ ಸಂಸ್ಥೆ ಇರಬಹುದು. ಮುಂಗಡ ಹಣ ಬೇಡ ಅಂದವರಿಗೆ ಒಂದೇ ತಪಾಸಣೆ ಸಾಕು. ಘಟಕ ಚಾಲೂ ಆದ ದಿನ ಅಥವಾ ತಾತ್ವಿಕ ಒಪ್ಪಿಗೆ ಸಿಕ್ಕ ದಿನ, ಯಾವುದು ನಂತರದ್ದೋ ಅದರಿಂದ 18 ತಿಂಗಳೊಳಗೆ ಸಬ್ಸಿಡಿ ಕೇಳಬೇಕು.

ಸಗಣಿ ಎಲ್ಲಿಂದ?

ಎಡವೋದು ಇಲ್ಲೇ. 4,800 ಕೆ.ಜಿ. ಸಿಬಿಜಿಗೆ ದಿನಕ್ಕೆ 12,000 ಘನ ಮೀಟರ್ ಬಯೋಗ್ಯಾಸ್ ಬೇಕು. ಒಂದು ಘನ ಮೀಟರ್‌ಗೆ ಸುಮಾರು 25 ಕೆ.ಜಿ. ಹಸಿ ಸಗಣಿ ಬೇಕು. ಅಲ್ಲಿಗೆ ದಿನಕ್ಕೆ 300 ಟನ್! ಹಸು ಒಂದಕ್ಕೆ 10 ಕೆ.ಜಿ. ಹಿಡಿದರೂ 30 ಸಾವಿರ ರಾಸುಗಳ ಸಗಣಿ ದಿನಾ ಘಟಕಕ್ಕೆ ಬರಬೇಕು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ನಂಬಿದ್ರೆ ಅದು ಹೊಸದಾಗಿ ಸಿಗೋದು ಕಬ್ಬು ನುರಿಸುವ ಹಂಗಾಮಿನಲ್ಲಿ ಮಾತ್ರ. ಉಳಿದ ತಿಂಗಳಿಗೆ ದಾಸ್ತಾನು ಇರಬೇಕು, ಇಲ್ಲವೇ ಬೇರೆ ಕಚ್ಚಾವಸ್ತು ಹುಡುಕಬೇಕು.

ಸಬ್ಸಿಡಿ ಆಸೆಗೆ ಸಾಮರ್ಥ್ಯ ದೊಡ್ಡದಾಗಿ ಬರೆಸಿಕೊಂಡವರಿಗೆ ಶೇ 50ರ ಗೆರೆ ದಾಟೋದೇ ಕಷ್ಟ ಆಗುತ್ತೆ. ಸಬ್ಸಿಡಿ ಬರದಿದ್ರೂ ಬ್ಯಾಂಕ್ ಕಂತು ನಿಲ್ಲಲ್ಲ.

ಹೋಟೆಲ್, ತರಕಾರಿ ಅಂಗಡಿಯವರ ಹಸಿ ಕಸವೂ ಇದಕ್ಕೆ ಒಳ್ಳೇ ಕಚ್ಚಾವಸ್ತು. ಆದರೆ ಅದರಲ್ಲಿ ಪ್ಲಾಸ್ಟಿಕ್ ಕವರ್, ದಾರ ಸೇರಿದ್ರೆ ಪಂಪು, ಪೈಪು ಕಟ್ಟಿಕೊಳ್ಳುತ್ತೆ. ಹಾಗಾಗಿ ಕಸ ಬೇರೆ ಮಾಡೋ ಕೆಲಸ ಅಂಗಡಿಯಲ್ಲೇ ಆಗಬೇಕು.

ಗ್ಯಾಸು, ಗೊಬ್ಬರ ಎರಡಕ್ಕೂ ಗುಣಮಟ್ಟ

ಗುಂಡಿಯಿಂದ ಬರುವ ಗ್ಯಾಸಿನಲ್ಲಿ ಮಿಥೇನ್ ಸಾಮಾನ್ಯವಾಗಿ ಶೇ 55ರಿಂದ 60. ಗಾಡಿಗೆ ತುಂಬಲು ಐಎಸ್ 16087 ಮಾನದಂಡದಂತೆ ಕನಿಷ್ಠ ಶೇ 90 ಇರಬೇಕು. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತೆಗೆಯದಿದ್ರೆ ಎಂಜಿನ್, ಸಿಲಿಂಡರ್ ಎರಡೂ ತುಕ್ಕು ಹಿಡಿಯುತ್ತೆ. ಒತ್ತಡದಲ್ಲಿ ಸಿಲಿಂಡರ್ ತುಂಬೋದಕ್ಕೆ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ ಪರವಾನಗಿ ಬೇಕೇ ಬೇಕು.

ಗ್ಯಾಸ್ ತೆಗೆದ ಮೇಲೆ ಉಳಿಯುವ ಸ್ಲರಿಯಿಂದ ಗೊಬ್ಬರ ಆಗುತ್ತೆ. ಅದನ್ನು ಮಾರೋದಕ್ಕೆ 2023ರಲ್ಲಿ ಕೇಂದ್ರ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತ್ತು. ಅದಕ್ಕೂ ಗೊಬ್ಬರ ನಿಯಂತ್ರಣ ಆದೇಶದ ಗುಣಮಟ್ಟ ಕಡ್ಡಾಯ. ಗೋಬರ್ಧನ್ ಪೋರ್ಟಲ್‌ನಲ್ಲಿ ಘಟಕದ ನೋಂದಣಿಯೂ ಆಗಿರಬೇಕು.

ಊರಿನವರು ಏನು ನೋಡಬೇಕು?

ಸ್ಲರಿಯನ್ನು ಹಳ್ಳಕ್ಕೆ ಬಿಟ್ಟರೆ, ವಾಸನೆ ತಡೆಯಲಾಗದಷ್ಟು ಬಂದ್ರೆ ಸುಮ್ಮನಿರಬೇಕಿಲ್ಲ. ಸಮ್ಮತಿ ಪತ್ರದ ಷರತ್ತು ಮುರಿದರೆ ಕ್ರಮ ಕೈಗೊಳ್ಳುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಅದರ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ.

ಜಮೀನು ಅಥವಾ ದುಡ್ಡು ಹಾಕುವವರು ಸಹಿಗೆ ಮುಂಚೆ ಇಷ್ಟು ಕೇಳಿ:

- ದಿನಕ್ಕೆ ಎಷ್ಟು ಟನ್ ಕಚ್ಚಾವಸ್ತು ಬೇಕು? ಯಾರ ಜೊತೆ ಎಷ್ಟು ವರ್ಷದ ಕರಾರು ಆಗಿದೆ?
- ಮಾಲಿನ್ಯ ಮಂಡಳಿ, ಪೆಸೊ ಪತ್ರಗಳು ಯಾವ ಹಂತದಲ್ಲಿವೆ? ಪ್ರತಿ ತೋರಿಸ್ತೀರಾ?
- ಗ್ಯಾಸ್ ಕೊಳ್ಳೋರು ಯಾರು?
- ಸಬ್ಸಿಡಿ ಅರ್ಧ ಬಂದ್ರೆ, ಬರದೇ ಹೋದ್ರೆ, ಸಾಲ ತೀರಿಸೋರು ಯಾರು?

ಘಟಕ ನಡೆಸುವವರು ಮೊದಲ ದಿನದಿಂದಲೇ ಮೂರು ಲೆಕ್ಕ ಬರೆದಿಡಬೇಕು. ಬಂದ ಕಚ್ಚಾವಸ್ತು ಎಷ್ಟು, ತಯಾರಾದ ಗ್ಯಾಸ್ ಎಷ್ಟು, ಮಾರಿದ ಗ್ಯಾಸ್ ಎಷ್ಟು. ತೂಕದ ಚೀಟಿ, ಮೀಟರ್ ರೀಡಿಂಗ್, ಬಿಲ್ಲು ಒಂದಕ್ಕೊಂದು ತಾಳೆ ಆಗಬೇಕು. ತಪಾಸಣೆ ಹತ್ತಿರ ಬಂದಾಗ ಕೂತು ಬರೆದ ಪುಸ್ತಕ ನಿಲ್ಲಲ್ಲ. ಹೊಸದಾಗಿ ಅರ್ಜಿ ಹಾಕುವವರು ಮಧ್ಯವರ್ತಿ ಮಾತಿಗಿಂತ ಮೊದಲು ಸಚಿವಾಲಯದ ಬಯೋ ಊರ್ಜಾ ಪೋರ್ಟಲ್ ನೋಡಿ, ಕ್ರೆಡೆಲ್ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ.