ಬಿಳಿ ಗೆರೆ ಹಿಡಿದು ಫ್ರಾನ್ಸ್‌ನ ಹಳ್ಳಿದಾರಿಗೆ

ಫ್ರಾನ್ಸ್ ಮತ್ತು ಸೈಕಲ್ ಅಂದ ಕೂಡಲೇ ನಮಗೆ ನೆನಪಾಗುವುದು ಟೂರ್ ದ ಫ್ರಾನ್ಸ್. ಜುಲೈ ತಿಂಗಳಲ್ಲಿ ಟಿವಿಯಲ್ಲಿ ನೋಡುತ್ತೇವಲ್ಲ, ಸೂರ್ಯಕಾಂತಿ ಹೊಲದ ಅಂಚಿನಲ್ಲಿ ನೂರೈವತ್ತು ಸೈಕಲ್ಲುಗಳು ಒಟ್ಟಿಗೆ ಹಾಯುವ ದೃಶ್ಯ, ಅದು. ಪಂದ್ಯ ಮುಂದೆ ಹೋದ ಮೇಲೆ ಅದೇ ದಾರಿಯಲ್ಲಿ ಯಾರಿರುತ್ತಾರೆ? ಎಷ್ಟೋ ಕಡೆ ಒಂದು ಟ್ರ್ಯಾಕ್ಟರು, ಅಂಚೆಯವರ ಹಳದಿ ವ್ಯಾನು, ಅಷ್ಟೆ. ಮಗಳೋ ಅಳಿಯನೋ ಯುರೋಪಿನಲ್ಲಿದ್ದಾರೆ, ಹೇಗೂ ಅಲ್ಲಿಗೆ ಹೋಗುತ್ತಿದ್ದೀರಿ, ಸೈಕಲ್ ತುಳಿಯುವ ಅಭ್ಯಾಸವೂ ಇದೆ ಎಂದಾದರೆ ನಾಲ್ಕು ದಿನ ಈ ದಾರಿಗಳಿಗೆ ಎತ್ತಿಡಿ. ಪಂದ್ಯದವರ ಕಾಲಿನ ಬಲ ಬೇಕಾಗಿಲ್ಲ. ನಕ್ಷೆ ಓದುವುದನ್ನು ಕಲಿತರೆ ಸಾಕು.

ಇಷ್ಟು ಖಾಲಿ ರಸ್ತೆಗಳು ಅಲ್ಲಿ ಹೇಗೆ ಉಳಿದವು? ಫ್ರಾನ್ಸ್‌ನಲ್ಲಿ ಸುಮಾರು 35,000 ಕಮ್ಯೂನ್‌ಗಳಿವೆ. ಕಮ್ಯೂನ್ ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂಥದು. ಕೆಲವು ಕಮ್ಯೂನ್‌ಗಳಲ್ಲಿ ನೂರು ಜನರೂ ಇಲ್ಲ. ಆದರೂ ಪ್ರತಿಯೊಂದಕ್ಕೂ ಒಬ್ಬ ಮೇಯರ್ ಇದ್ದಾರೆ, ತನ್ನದೇ ರಸ್ತೆಗಳಿವೆ, ಅವುಗಳ ದುರಸ್ತಿಯ ಹೊಣೆಯೂ ಇದೆ. ಹೀಗೆ ದೇಶದ ರಸ್ತೆಯ ಒಟ್ಟು ಉದ್ದ 10 ಲಕ್ಷ ಕಿ.ಮೀ. ದಾಟುತ್ತದೆ. ದೊಡ್ಡ ವಾಹನಗಳೆಲ್ಲ ನುಗ್ಗುವ ಹೆದ್ದಾರಿಗಳು ಇದರಲ್ಲಿ ಸುಮಾರು 20,000 ಕಿ.ಮೀ. ಮಾತ್ರ. ಕಳೆದ ಶತಮಾನದಲ್ಲಿ ಹಳ್ಳಿಯ ಜನ ಪಟ್ಟಣ ಸೇರಿದರು, ರಸ್ತೆಗಳು ಉಳಿದವು. ದಕ್ಷಿಣದ ಲೊಝೇರ್ ಜಿಲ್ಲೆಯಲ್ಲಿ ಚದರ ಕಿ.ಮೀ.ಗೆ ಸುಮಾರು 15 ಜನ ಇದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲೇ ಅತಿ ವಿರಳ ಜನವಸತಿಯ ಜಿಲ್ಲೆ ಕೊಡಗು. ಅಲ್ಲಿ 135 ಜನ. ಕೊಡಗಿನ ಒಳದಾರಿಗಳನ್ನು ನೋಡಿದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಈಗ ರಸ್ತೆಗಳ ಹೆಸರು. ಪ್ರತಿ ರಸ್ತೆಗೂ ಒಂದು ಅಕ್ಷರ, ಒಂದು ಸಂಖ್ಯೆ ಇರುತ್ತದೆ. 'ಎ' ಅಂದರೆ ಓಟೊರೂಟ್, ಎಕ್ಸ್‌ಪ್ರೆಸ್‌ವೇ. ಅಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. 'ಎನ್' ರಾಷ್ಟ್ರೀಯ ಹೆದ್ದಾರಿ, ಸಾಧ್ಯವಾದಷ್ಟು ದೂರವಿರಿ. 'ಡಿ' ಅಂದರೆ ಡೆಪಾರ್ತ್‌ಮೆಂತಾಲ್, ನಮ್ಮ ಜಿಲ್ಲಾ ರಸ್ತೆಯ ಹಾಗೆ. 'ಸಿ' ಕಮ್ಯೂನ್‌ನ ಸ್ವಂತ ರಸ್ತೆ. ನಮ್ಮ ಸವಾರಿ 'ಡಿ' ಮತ್ತು 'ಸಿ' ಮೇಲೆ. ನೀಲಿ ಚೌಕದೊಳಗೆ ಬಿಳಿ ಕಾರಿನ ಚಿತ್ರ ಕಂಡರೆ ಅಲ್ಲಿಗೆ ನಿಲ್ಲಿ. ಆ ರಸ್ತೆ ಮೋಟಾರು ವಾಹನಗಳಿಗೆ ಮೀಸಲು.

'ಡಿ' ಇದ್ದರೆ ಸಾಕು, ಗದ್ದಲ ಇರುವುದಿಲ್ಲ ಅಂದುಕೊಳ್ಳಬಹುದೇ? ಬೇಡ. ಹೊಸಬರು ಎಡವುವುದು ಇಲ್ಲೇ. 2006ರಲ್ಲಿ ಬಹಳಷ್ಟು ರಾಷ್ಟ್ರೀಯ ಹೆದ್ದಾರಿಗಳನ್ನು ಸರ್ಕಾರ ಜಿಲ್ಲೆಗಳಿಗೆ ವಹಿಸಿತು. ಅಕ್ಷರ ಬದಲಾಯಿತು, ಲಾರಿಗಳು ಬದಲಾಗಲಿಲ್ಲ. ಓರ್ಲೆಯಾನ್ ಸುತ್ತಿನ ಡಿ 2020 ಹಿಂದೆ ಎನ್ 20 ಆಗಿತ್ತು. ಆದ್ದರಿಂದ ಅಕ್ಷರವನ್ನಷ್ಟೇ ನಂಬಬೇಡಿ, ನಕ್ಷೆಯ ಬಣ್ಣ ನೋಡಿ.

ಮಿಶೆಲಿನ್ ಕಂಪನಿಯ ಕಾಗದದ ನಕ್ಷೆಯಲ್ಲಿ ಮುಖ್ಯ ರಸ್ತೆ ಕೆಂಪು, ಎರಡನೇ ದರ್ಜೆಯದು ಹಳದಿ, ಸಣ್ಣದು ಬಿಳಿ. ನಿಮಗೆ ಬೇಕಾದ್ದು ಬಿಳಿ. ಹಳದಿಯನ್ನು ಸ್ವಲ್ಪ ದೂರಕ್ಕೆ, ಒಂದು ಬಿಳಿಯಿಂದ ಇನ್ನೊಂದು ಬಿಳಿಗೆ ದಾಟಲು ಮಾತ್ರ ಬಳಸಿ. ರಸ್ತೆಯ ಅಂಚಿಗೆ ಹಸಿರು ಗೆರೆ ಇದ್ದರೆ ಅದು ನೋಟ ಚೆನ್ನಾಗಿರುವ ದಾರಿ. ನೋಟ ಚೆನ್ನಾಗಿದ್ದ ಕಡೆಗೆ ಕಾರುಗಳೂ ಬರುತ್ತವೆ ಎಂಬುದು ನೆನಪಿರಲಿ. ರಸ್ತೆಯ ಮೇಲೆ ಸಣ್ಣ ಬಾಣದ ಮೊನೆಗಳಿದ್ದರೆ ಅದು ಏರು. ಮೊನೆ ಯಾವ ಕಡೆಗೆ ಚಾಚಿದೆಯೋ ಆ ಕಡೆಗೆ ಹತ್ತಬೇಕು. ಒಂದು ಮೊನೆ ಅಂದರೆ ನೂರು ಮೀಟರಿಗೆ 5ರಿಂದ 9 ಮೀಟರ್ ಏರು. ಎರಡು ಅಂದರೆ 9ರಿಂದ 13. ಮೂರು ಕಂಡರೆ ಇಳಿದು ತಳ್ಳಲು ಸಿದ್ಧರಾಗಿ, ಇಲ್ಲವೇ ಬೇರೆ ದಾರಿ ಹುಡುಕಿ. 1:1,50,000 ಅಳತೆಯ ಜಿಲ್ಲಾ ನಕ್ಷೆ ಸೈಕಲ್ಲಿಗೆ ಸರಿಹೊಂದುತ್ತದೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ಒಂದೂವರೆ ಕಿ.ಮೀ.

ಫೋನಿನ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳುವಿರಿ. ಫೋನ್ ದಾರಿ ತೋರಿಸುತ್ತದೆ, ನಿಜ. ಆದರೆ ಹತ್ತು ಹಳ್ಳಿಗಳ ನಡುವಿನ ಆಯ್ಕೆಗಳನ್ನು ಒಂದೇ ನೋಟಕ್ಕೆ ತೋರಿಸುವುದು ಕಾಗದವೇ. ಜೊತೆಗೆ ಸೈಕಲ್ ಡಾಟ್ ಟ್ರಾವೆಲ್ ಎಂಬ ಉಚಿತ ಜಾಲತಾಣವಿದೆ. ಊರಿಂದೂರಿಗೆ ವಾಹನ ಕಡಿಮೆ ಇರುವ ದಾರಿ ಹೆಣೆದು ಕೊಡುತ್ತದೆ. ರಾತ್ರಿ ಅದರಲ್ಲಿ ದಾರಿ ಹೆಣೆದುಕೊಳ್ಳಿ, ಬೆಳಿಗ್ಗೆ ನಕ್ಷೆಯ ಬಿಳಿ ಗೆರೆಗಳೊಂದಿಗೆ ತಾಳೆ ನೋಡಿ. ನನ್ನ ಸಲಹೆ ಇದೇ.

ಇಷ್ಟೆಲ್ಲ ಲೆಕ್ಕ ಬೇಡ, ಫಲಕ ನೋಡಿಕೊಂಡು ಹೋಗುತ್ತೇನೆ ಅನ್ನುವವರಿಗೆ ಎರಡು ಬಗೆಯ ದಾರಿಗಳಿವೆ. ವ್ವಾ ವೆರ್ತ್, ಅಂದರೆ ಹಸಿರು ದಾರಿ: ಮೋಟಾರು ವಾಹನವೇ ಇಲ್ಲದ ಪ್ರತ್ಯೇಕ ಹಾದಿ. ವೆಲೊರೂಟ್: ಹಸಿರು ದಾರಿ ಮತ್ತು ಸಣ್ಣ ಊರರಸ್ತೆಗಳನ್ನು ಜೋಡಿಸಿ, ಉದ್ದಕ್ಕೂ ಫಲಕ ನೆಟ್ಟ ದೂರದ ದಾರಿ. ಬುರ್ಗುಂಡಿ ಪ್ರಾಂತ್ಯದಲ್ಲಿ ಝಿವ್ರಿಯಿಂದ ಕ್ಲೂನಿಗೆ ಹೋಗುವ 44 ಕಿ.ಮೀ. ಹಸಿರು ದಾರಿ 1997ರಲ್ಲಿ ತೆರೆಯಿತು. ಅದು ಹಳೆಯ ರೈಲು ಹಳಿಯ ಜಾಗ. ರೈಲು ಕಡಿದಾದ ಏರು ಹತ್ತುವುದಿಲ್ಲವಾದ್ದರಿಂದ ನೀವೂ ಹತ್ತಬೇಕಾಗಿಲ್ಲ. ಮಕ್ಕಳನ್ನು ಕರೆದೊಯ್ಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ.

ವೆಲೊರೂಟ್‌ಗಳಲ್ಲಿ ಲುವಾರ್ ನದಿಯದು ಹೆಸರುವಾಸಿ. ನೆವೆರ್ ಬಳಿಯ ಕುಫಿಯಿಂದ ಅಟ್ಲಾಂಟಿಕ್ ತೀರದ ಸೇಂಟ್ ಬ್ರೆವಾಂವರೆಗೆ 900 ಕಿ.ಮೀ. ಪೂರ್ತಿ ಬೇಡ. ಬ್ಲ್ವಾದಿಂದ ಅಂಬ್ವಾಜ್ ಮೇಲಾಗಿ ತೂರ್‌ಗೆ ಸುಮಾರು 70 ಕಿ.ಮೀ. ಆಗುತ್ತದೆ, ಅದನ್ನು ಎರಡು ದಿನ ತುಳಿಯಿರಿ. ಲಿಯೊನಾರ್ಡೊ ಡ ವಿಂಚಿ 1519ರಲ್ಲಿ ತೀರಿಕೊಂಡದ್ದು ಅಂಬ್ವಾಜ್‌ನಲ್ಲೇ, ಅವನಿದ್ದ ಮನೆ ಈಗಲೂ ಇದೆ. ಮೂರೂ ಊರಿಗೆ ರೈಲು ನಿಲ್ದಾಣವಿದೆ, ಕಾಲು ಸೋತರೆ ಹತ್ತಿ ಕೂರಬಹುದು. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ದೂರದ ಸವಾರಿಯಾದರೆ ಸಮುದ್ರದಿಂದ ಪೂರ್ವಕ್ಕೆ ತುಳಿಯಿರಿ, ಗಾಳಿ ಬೆನ್ನಿಗಿರುತ್ತದೆ. ರೋನ್ ಕಣಿವೆಯಲ್ಲಿ ಮಿಸ್ತ್ರಾಲ್ ಎಂಬ ಬಿರುಗಾಳಿ ಉತ್ತರದಿಂದ ಬರುತ್ತದೆ. ಅಲ್ಲಿ ದಕ್ಷಿಣಕ್ಕೆ ಇಳಿಯಬೇಕು.

ಏರಿಳಿತಕ್ಕೆ ಹೆದರದವರಿಗೆ ದಕ್ಷಿಣದ ಲ್ಯುಬೆರಾನ್ ಬೆಟ್ಟದ ಸುತ್ತ ಒಂದು ಫಲಕದ ದಾರಿಯಿದೆ. ಕಾವಯ್ಯೋಂ, ಆಪ್ತ್, ಫೋರ್ಕಾಲ್ಕಿಯೆ, ಮನೋಸ್ಕ್, ಲೂರ್ಮಾರಾಂ ಊರುಗಳನ್ನು ಹಾಯ್ದು ಒಂದು ಸುತ್ತು ಸುಮಾರು 236 ಕಿ.ಮೀ. ಬಹುಪಾಲು ಸಣ್ಣ ರಸ್ತೆಗಳೇ. ಲೇಖಕ ಆಲ್ಬೆರ್ ಕಮೂ ಸಮಾಧಿ ಇರುವುದು ಲೂರ್ಮಾರಾಂನ ಸ್ಮಶಾನದಲ್ಲಿ. ಲ್ಯಾವೆಂಡರ್ ಹೂ ನೋಡಬೇಕೆಂದರೆ ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಹೋಗಬೇಕು. ಬಿಸಿಲು ಬೇಡ, ಕಾರು ಬೇಡ ಅನ್ನುವವರಿಗೆ ಮೇ ಮತ್ತು ಸೆಪ್ಟೆಂಬರ್ ಒಳ್ಳೆಯದು.

ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಮಾತಿದು. ಫ್ರಾನ್ಸ್‌ನಲ್ಲಿ ಬಲಬದಿಯ ಸಂಚಾರ. ಪಟ್ಟಣದಲ್ಲಿ ಮರೆಯುವುದಿಲ್ಲ, ಎದುರಿನ ವಾಹನಗಳೇ ನೆನಪಿಸುತ್ತವೆ. ಅಪಾಯ ಇರುವುದು ಖಾಲಿ ದಾರಿಯಲ್ಲಿ. ನೀರು ಕುಡಿಯಲು ನಿಲ್ಲುತ್ತೀರಿ, ಮತ್ತೆ ಹೊರಡುತ್ತೀರಿ. ಒಂದು ವಾಹನವೂ ಇಲ್ಲ. ಹಳೆಯ ಅಭ್ಯಾಸ ನಿಮ್ಮನ್ನು ಎಡಕ್ಕೆ ಎಳೆಯುತ್ತದೆ. ಮುಂದಿನ ತಿರುವಿನಲ್ಲಿ ಕಾರು ಬಂದಾಗಲೇ ಗೊತ್ತಾಗುವುದು. ಹ್ಯಾಂಡಲ್ ಮೇಲೆ ಬಲಗಡೆಗೆ ಒಂದು ಕೆಂಪು ಟೇಪು ಸುತ್ತಿಕೊಳ್ಳಿ. ಬಾಡಿಗೆ ಸೈಕಲ್ಲಿನ ಬ್ರೇಕೂ ಅದಲುಬದಲಾಗಿರುತ್ತದೆ: ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಗೆ, ಅಲ್ಲಿ ಎಡಗೈಗೆ. ಅಂಗಡಿಯ ಮುಂದೆಯೇ ಹತ್ತು ನಿಮಿಷ ತುಳಿದು ಕೈಗೆ ರೂಢಿ ಮಾಡಿಸಿ.

ಇನ್ನೊಂದು ನಿಯಮ, ಬಲದಿಂದ ಬರುವವರಿಗೆ ಆದ್ಯತೆ. ಬೇರೆ ಫಲಕ ಇಲ್ಲದ ಕೂಡುರಸ್ತೆಯಲ್ಲಿ, ಬಲಗಡೆಯ ಸಣ್ಣ ಓಣಿಯಿಂದ ಬಂದ ವಾಹನಕ್ಕೂ ನೀವು ದಾರಿ ಬಿಡಬೇಕು. ಊರೊಳಗೆ ವೇಗ ತಗ್ಗಿಸಿ. ಊರ ಹೊರಗೆ ಕಾರಿನವರು ನಿಮ್ಮಿಂದ ಒಂದೂವರೆ ಮೀಟರ್ ದೂರ ಬಿಟ್ಟು ಹಿಂದಿಕ್ಕಬೇಕೆಂದು ಕಾನೂನಿದೆ, ಬಹುತೇಕರು ಪಾಲಿಸುತ್ತಾರೆ. ಊರ ಹೊರಗೆ ಕತ್ತಲಾದಾಗ ಅಥವಾ ಮಂಜಿದ್ದಾಗ ಹೊಳೆಯುವ ಜಾಕೆಟ್ ಕಡ್ಡಾಯ. 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯವಲ್ಲ, ಆದರೂ ಹಾಕಿಕೊಳ್ಳಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ತುಳಿದರೆ 135 ಯೂರೊ ದಂಡ. 'ಗ್ರಾವಿಯೋಂ' ಎಂಬ ಫಲಕ ಕಂಡರೆ ನಿಧಾನಿಸಿ. ಬೇಸಿಗೆಯಲ್ಲಿ ಟಾರು ಸುರಿದು ಮೇಲೆ ಸಣ್ಣ ಜಲ್ಲಿ ಹರಡಿರುತ್ತಾರೆ. ಅದನ್ನು ಒತ್ತಿ ಕೂರಿಸುವುದು ವಾಹನಗಳ ಚಕ್ರವೇ. ಓಡಾಟ ಕಡಿಮೆ ಇರುವ ದಾರಿಯಲ್ಲಿ ಆ ಜಲ್ಲಿ ವಾರಗಟ್ಟಲೆ ಸಡಿಲವಾಗಿಯೇ ಉಳಿಯುತ್ತದೆ. ಇಳಿಜಾರಿನ ತಿರುವಿನಲ್ಲಿ ಚಕ್ರ ಜಾರುತ್ತದೆ.

ಊಟ, ನೀರಿನ ಚಿಂತೆ ಸಹಜ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ಬಹಳ ಕಡೆ ಏನೂ ಸಿಗುವುದಿಲ್ಲ. ಬೆಳಿಗ್ಗೆಯೇ ಬ್ರೆಡ್ಡು, ಹಣ್ಣು ಕಟ್ಟಿಕೊಂಡು ಹೊರಡಿ. ನೀರು ಮುಗಿದರೆ ಸ್ಮಶಾನ ಹುಡುಕಿ. ಹಿಂಜರಿಕೆ ಆಗಬಹುದು, ಆದರೆ ಅಲ್ಲಿನ ಸೈಕಲ್ ಸವಾರರೆಲ್ಲ ಮಾಡುವುದು ಅದನ್ನೇ. ಸಮಾಧಿಯ ಹೂಗಿಡಗಳಿಗೆಂದು ಬಹುತೇಕ ಪ್ರತಿ ಸ್ಮಶಾನದಲ್ಲೂ ನಲ್ಲಿ ಇರುತ್ತದೆ. 'ನಾನ್ ಪೊತಾಬ್ಲ್' ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ. ಸಸ್ಯಾಹಾರಿಗಳು 'ಸಾನ್ ವ್ಯಾಂದ್, ಸಾನ್ ಪ್ವಾಸೋಂ' ಎಂದು ಹೇಳಲು ಕಲಿಯಿರಿ. ಮಾಂಸ ಬೇಡ, ಮೀನು ಬೇಡ ಎಂದರ್ಥ. ಸಲಾಡಿನಲ್ಲೂ ಹಂದಿಮಾಂಸದ ಚೂರು ಹಾಕುವುದುಂಟು, ಕೇಳಿಯೇ ತಿನ್ನಿ. ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹಳಷ್ಟಕ್ಕೆ ಹಾಲು ಒಡೆಯಲು ಕರುವಿನ ಜಠರದ ರೆನ್ನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ.

ಖರ್ಚು ಎಷ್ಟು? ಒಂದು ಯೂರೊಗೆ ನೂರು ರೂಪಾಯಿ ಎಂದು ಅಂದಾಜು ಹಿಡಿಯಿರಿ. ಷೆಂಗೆನ್ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ. ಅದಕ್ಕೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ಸಾಧಾರಣ ಸೈಕಲ್ ಬಾಡಿಗೆ ದಿನಕ್ಕೆ 15ರಿಂದ 25 ಯೂರೊ, ಬ್ಯಾಟರಿ ಸೈಕಲ್ಲಿಗೆ ಸುಮಾರು ಅದರ ಇಮ್ಮಡಿ. ಕಮ್ಯೂನ್ ನಡೆಸುವ ಡೇರೆ ಮೈದಾನದಲ್ಲಿ ರಾತ್ರಿಗೆ 10–15 ಯೂರೊ. ಮನೆಯೊಂದರಲ್ಲಿ ಕೋಣೆ ಮತ್ತು ಬೆಳಗಿನ ತಿಂಡಿ ಸೇರಿ ಇಬ್ಬರಿಗೆ 60–90. ಪೇಟೆಯ ಹೋಟೆಲ್ ಊಟಕ್ಕಿಂತ ಸಂತೆಯ ಹಣ್ಣು, ಬ್ರೆಡ್ಡು ನಿಮ್ಮ ಕಿಸೆಗೂ ಹೊಟ್ಟೆಗೂ ಹಗುರ.

ವಸತಿ ಹುಡುಕುವಾಗ 'ಅಕ್ಯೋಯ್ ವೆಲೊ' ಎಂಬ ಗುರುತು ನೋಡಿ, 'ಸೈಕಲ್ಲಿನವರಿಗೆ ಸ್ವಾಗತ' ಎಂದರ್ಥ. ಫಲಕದ ಸೈಕಲ್ ದಾರಿಯಿಂದ 5 ಕಿ.ಮೀ. ಒಳಗಿರುವ ಮನೆ, ಹೋಟೆಲುಗಳಿಗಷ್ಟೇ ಅದು ಸಿಗುವುದು. ಅಲ್ಲಿ ಸೈಕಲ್ಲಿಗೆ ಬೀಗ ಹಾಕುವ ಜಾಗ, ಪಂಚರ್ ಸಾಮಾನು ಇರಲೇಬೇಕು. ದಾರಿಗಳ ಪಟ್ಟಿ ಫ್ರಾನ್ಸ್ ವೆಲೊ ಟೂರಿಸ್ಮ್ ಜಾಲತಾಣದಲ್ಲಿ ಉಚಿತ. ಕಾಗದದ ನಕ್ಷೆ ಅಲ್ಲಿನ ಪುಸ್ತಕದಂಗಡಿಯಲ್ಲಿ ಸಿಗುತ್ತದೆ. ಟಿಇಆರ್ ಎಂಬ ಪ್ರಾಂತೀಯ ರೈಲುಗಳಲ್ಲಿ ಸೈಕಲ್ಲಿಗೆ ಸಾಮಾನ್ಯವಾಗಿ ಟಿಕೆಟ್ ಬೇಡ. ವೇಗದ ಟಿಜಿವಿ ರೈಲಿನಲ್ಲಿ ಮೊದಲೇ ಸ್ಥಳ ಕಾಯ್ದಿರಿಸಬೇಕು.

ಹುಮ್ಮಸ್ಸು ಇನ್ನೂ ಇದ್ದವರಿಗೆ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಇದೆ. ಬ್ರಿಟನಿಗೆ ಹೋಗಿ ಬರುವ ಇಂಥವೇ ಊರದಾರಿಗಳಲ್ಲಿ 1,200 ಕಿ.ಮೀ. ದೂರವನ್ನು 90 ಗಂಟೆಯೊಳಗೆ ಮುಗಿಸುವ ಸವಾರಿ, ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಮುಂದಿನದು 2027ರಲ್ಲಿ. ಹಳ್ಳಿಯವರು ನಡುರಾತ್ರಿಯಲ್ಲೂ ಮನೆಮುಂದೆ ಮೇಜು ಹಾಕಿ, ಕಾಫಿ, ದೋಸೆಯಂಥ ಕ್ರೆಪ್ ಇಟ್ಟು ಸವಾರರಿಗೆ ಕಾಯುತ್ತಾರೆ. ಬೆಂಗಳೂರಿನಿಂದಲೂ ಸವಾರರು ಹೋಗಿ ಬಂದಿದ್ದಾರೆ. ಅರ್ಹತೆಗೆ ಅದೇ ವರ್ಷ 200, 300, 400, 600 ಕಿ.ಮೀ. ಸವಾರಿಗಳನ್ನು ಮುಗಿಸಿರಬೇಕು. ಇವನ್ನು ಬೆಂಗಳೂರು ರಾಂಡನ್ಯೂರ್ಸ್ ಬಳಗ ಇಲ್ಲೇ ನಡೆಸುತ್ತದೆ. ಮೊದಲ 200 ಕಿ.ಮೀ.ಗೆ ಸಿಗುವ ಸಮಯ ಹದಿಮೂರೂವರೆ ಗಂಟೆ.