ಆಮದು ಕಾರು: ಸ್ಟಿಯರಿಂಗ್ ಬಲಕ್ಕಿದ್ದರೆ ಸಾಲದು

ಕೆಜಿಎಫ್: ವಿದೇಶದಿಂದ ತರುವ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು. ಇಷ್ಟು ಬಹುತೇಕರಿಗೆ ಗೊತ್ತು. ಹೆಡ್‌ಲೈಟಿನ ಬೆಳಕೂ ಎಡಬದಿಯ ಸಂಚಾರಕ್ಕೆ ಹೊಂದಬೇಕೆಂಬ ಕೇಂದ್ರದ ಆಮದು ನಿಯಮ ಮಾತ್ರ ಮರೆತುಹೋಗುತ್ತದೆ.

ಅಮೆರಿಕ, ದುಬೈಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ ಅಲ್ಲಿನ ದೀಪಗಳ ಡಿಪ್ ಬೆಳಕು ಬಲ ಅಂಚಿನತ್ತ ಹೆಚ್ಚು ಚಾಚುತ್ತದೆ. ಸ್ಟಿಯರಿಂಗನ್ನಷ್ಟೇ ಬದಲಿಸಿದ ಅಂಥ ಕಾರು ರಾತ್ರಿ ಬಂಗಾರಪೇಟೆ ರಸ್ತೆಗಿಳಿದರೆ ಎದುರಿನ ಬೈಕ್ ಸವಾರನ ಕಣ್ಣು ಕೋರೈಸುತ್ತದೆ. ಎಡ ಅಂಚಿನ ಪಾದಚಾರಿ ಕತ್ತಲಲ್ಲೇ ಉಳಿಯುತ್ತಾನೆ.

ದೀಪವನ್ನು ಕೆಳಕ್ಕೆ ಬಾಗಿಸುವುದು ಸುಲಭೋಪಾಯವೇನೋ ಹೌದು. ಆದರೆ ಅದರಿಂದ ಬೆಳಕಿನ ದೂರ ಕುಗ್ಗುತ್ತದೆಯೇ ಹೊರತು ದಿಕ್ಕು ಬದಲಾಗದು. ಬಲ್ಬ್ ಬದಲಿಸಿದರೂ ಅಷ್ಟೇ. ದಿಕ್ಕನ್ನು ನಿರ್ಧರಿಸುವುದು ಒಳಗಿನ ಪ್ರತಿಫಲಕ, ಗಾಜು. ಹೀಗಾಗಿ ಸಾಮಾನ್ಯವಾಗಿ ಅದೇ ಮಾದರಿಯ ಬ್ರಿಟನ್ ಅಥವಾ ಭಾರತ ಆವೃತ್ತಿಯ ಇಡೀ ದೀಪವನ್ನೇ ಕೂರಿಸಬೇಕಾಗುತ್ತದೆ, ಅದೂ ಕಾರು ಹಡಗು ಏರುವ ಮುನ್ನ.